ಮಳೆ ಆಯ್ತಾ ಅಂತ ಕೇಳಿ, ಆಮೇಲೆ ಬನ್ನಿ

ಕೊಡಗಿಗೆ ಯಾವಾಗ ಹೋಗೋದು ಒಳ್ಳೇದು ಅಂತ ಆಫೀಸಿನಲ್ಲಿ ಯಾರನ್ನಾದರೂ ಕೇಳಿ ನೋಡಿ, ಎರಡೇ ಉತ್ತರ ಬರುತ್ತೆ. ಜಲಪಾತ ಬೇಕಿದ್ದರೆ ಮಳೆಗಾಲ, ಮಂಜು ಬೇಕಿದ್ದರೆ ಡಿಸೆಂಬರ್. ಫೆಬ್ರವರಿ ಕೊನೆ, ಮಾರ್ಚ್ ಅಂತ ಹೇಳುವವರು ಕಡಿಮೆ. ಆಗ ಹೊಳೆಗಳು ಸೊರಗಿರುತ್ತವೆ, ರಸ್ತೆ ಬದಿಯ ಗಿಡಗಳ ಮೇಲೆ ಕೆಂಪು ಧೂಳು ಕೂತಿರುತ್ತೆ, ಮಧ್ಯಾಹ್ನದ ಬಿಸಿಲು ನಮ್ಮ ಬಯಲುಸೀಮೆಯನ್ನೇ ನೆನಪಿಸುತ್ತೆ. ಆದರೆ ಕಾಫಿ ಹೂ ಬಿಡೋದು ಆ ದಿನಗಳಲ್ಲೇ. ನಿನ್ನೆವರೆಗೆ ಹಸಿರಾಗಿದ್ದ ತೋಟ ಒಂದು ಬೆಳಿಗ್ಗೆ ಎದ್ದು ನೋಡಿದರೆ ಪೂರ್ತಿ ಬೆಳ್ಳಗೆ. ಹೂವಿನ ಆಯುಸ್ಸು ಎರಡು-ಮೂರು ದಿನ. ಆಮೇಲೆ ಬಂದವರಿಗೆ ಕಾಣೋದು ರೆಕ್ಕೆಗೆ ಅಂಟಿಕೊಂಡ ಕಂದುಬಣ್ಣದ ಒಣ ಎಸಳು ಮಾತ್ರ. (ಕಾಫಿ ಗಿಡದ ಪಕ್ಕದ ಕೊಂಬೆಗೆ ಇಲ್ಲಿ ರೆಕ್ಕೆ ಅಂತಾರೆ. ನನಗೆ ಈ ಊರು ಕಲಿಸಿದ ಮೊದಲ ಪದ ಅದು.)

ಇಷ್ಟು ಹೇಳಿದ ಕೂಡಲೇ ಗೆಳತಿಯರ ಪ್ರಶ್ನೆ: "ಹಾಗಾದ್ರೆ ಯಾವ ತಾರೀಕಿಗೆ ಬರ್ಲಿ? ರಜೆ ಹಾಕ್ಬೇಕಲ್ಲ."

ತಾರೀಕು ಇಲ್ಲ. ಅದೇ ಈ ಹೂವಿನ ವಿಷಯ.

ನನ್ನ ತವರು ಚಿತ್ರದುರ್ಗದ ಕಡೆ. ನಮ್ಮಲ್ಲಿ ವಸಂತ ಅಂದರೆ ಹೊಂಗೆ ಚಿಗುರು, ಬೇವಿನ ಹೂ, ಯುಗಾದಿ. ಕ್ಯಾಲೆಂಡರ್ ನೋಡಿದರೆ ಸಾಕು, ಮರಗಳು ಹೆಚ್ಚುಕಡಿಮೆ ಹೇಳಿದ ಸಮಯಕ್ಕೆ ಬರುತ್ತವೆ. ಮದುವೆಯಾಗಿ ಮಾದಾಪುರದ ಮನೆಗೆ ಬಂದ ಮೇಲೆ ಗೊತ್ತಾಯ್ತು, ಇಲ್ಲಿ ವಸಂತ ಋತು ಅಲ್ಲ, ಒಂದು ಮಳೆ. ಅದು ಬಂದ ದಿನದಿಂದ ಲೆಕ್ಕ ಶುರು.

ಮಾದಾಪುರ ಎಲ್ಲಿದೆ ಅಂತ ಗೊತ್ತಿಲ್ಲದವರಿಗೆ: ಬೆಂಗಳೂರಿನಿಂದ ಮೈಸೂರು, ಹುಣಸೂರು, ಕುಶಾಲನಗರ ದಾಟಿ ಮಡಿಕೇರಿ ಹೆದ್ದಾರಿಯಲ್ಲಿ ಬಂದರೆ ಸುಂಟಿಕೊಪ್ಪ ಸಿಗುತ್ತೆ. ಎಲ್ಲರೂ ನೇರ ಮಡಿಕೇರಿಗೆ ಹೋಗುತ್ತಾರೆ. ನೀವು ಬಲಕ್ಕೆ ಸೋಮವಾರಪೇಟೆ ರಸ್ತೆಗೆ ತಿರುಗಬೇಕು. ಸುಮಾರು 10 ಕಿಲೋಮೀಟರ್, ಪೂರ್ತಿ ತೋಟಗಳ ನಡುವಿನ ತಿರುವುಗಳು. ಊರು ಅಂದರೆ ಒಂದು ಪೇಟೆ, ನಾಲ್ಕಾರು ಅಂಗಡಿ, ಶಾಲೆ, ಬಸ್ಸಿಗೆ ಕಾಯುವ ಮಕ್ಕಳು. ಕೋಟೆಬೆಟ್ಟ ಹತ್ತುವ ಚಾರಣಿಗರು ಇಲ್ಲಿ ನೀರಿನ ಬಾಟಲಿ, ಬಿಸ್ಕತ್ತು ತಗೊಂಡು ಮುಂದೆ ಹೋಗುತ್ತಾರೆ. ಪ್ರವಾಸಿ ಬೋರ್ಡುಗಳಲ್ಲಿ ಊರಿನ ಹೆಸರಿಲ್ಲ. ನನಗಂತೂ ಅದು ಸಮಾಧಾನದ ವಿಷಯ.

ಈಗ ಮಳೆಯ ಲೆಕ್ಕ. ಇಲ್ಲಿನ ಬೆಳೆಗಾರರು ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಲ್ಲ, ಸೆಂಟಿನಲ್ಲಿ ಹೇಳುತ್ತಾರೆ. 100 ಸೆಂಟ್ ಅಂದರೆ ಒಂದು ಇಂಚು, 25 ಮಿಲಿಮೀಟರ್ ಚಿಲ್ಲರೆ. ನಮ್ಮ ಮನೆ ಅಂಗಳದಲ್ಲಿ ಒಂದು ಮಳೆ ಮಾಪಕ ಇದೆ. ಮಳೆ ಬಂದ ಮರುದಿನ ಬೆಳಿಗ್ಗೆ ಮಾವ ಕಾಫಿ ಕುಡಿಯೋಕೂ ಮುಂಚೆ ಅದನ್ನು ನೋಡಿ ಡೈರಿಯಲ್ಲಿ ಬರೆದಿಡುತ್ತಾರೆ. ಆಮೇಲೆ ಫೋನುಗಳು ಶುರು. "ನಿಮ್ಮಲ್ಲಿ ಎಷ್ಟು?" "ನಲವತ್ತು ಸೆಂಟ್. ನಿಮ್ಮಲ್ಲಿ?" "ನಮ್ಮಲ್ಲಿ ಬರೀ ಮಣ್ಣು ನೆನೆದಿದೆ." ಇಲ್ಲಿನ ಬೇಸಿಗೆ ಮಳೆ ಊರು ನೋಡಿ ಅಲ್ಲ, ತೋಟ ನೋಡಿ ಬೀಳುತ್ತೆ. ಒಂದು ಗುಡ್ಡದ ಆಚೆ ಒಂದು ಇಂಚು, ಈಚೆ ನಾಲ್ಕು ಹನಿ. ನನ್ನ ಫೋನಿನ ಹವಾಮಾನ ಆ್ಯಪ್ "ಮಾದಾಪುರ: 60% ಮಳೆ" ಅಂತ ತೋರಿಸಿದಾಗೆಲ್ಲ ಮಾವ ನಗುತ್ತಾರೆ. "ಯಾವ ಗುಡ್ಡದ್ದು ಅಂತ ಕೇಳು ಅದನ್ನ."

ಕಾಫಿ ಗಿಡದಲ್ಲಿ ಮೊಗ್ಗು ಚಳಿಗಾಲದಲ್ಲೇ ಕೂತಿರುತ್ತೆ. ಎಲೆ ರೆಕ್ಕೆಗೆ ಸೇರುವ ಜಾಗದಲ್ಲಿ ಹಸಿರು ಗೊಂಚಲು, ಸೂಕ್ಷ್ಮವಾಗಿ ನೋಡಿದರೆ ಮಾತ್ರ ಕಾಣುತ್ತೆ. ಜನವರಿ, ಫೆಬ್ರವರಿಯ ಒಣಹವೆಗೆ ಅದು ಬೆಳೆಯೋದು ನಿಲ್ಲಿಸಿ ಒಂಥರಾ ನಿದ್ದೆಗೆ ಹೋಗುತ್ತೆ. ಈ ಬರ ಗಿಡಕ್ಕೆ ಬೇಕು. ಬರ ಇಲ್ಲದಿದ್ದರೆ ಒಂದೊಂದು ಮೊಗ್ಗು ಒಂದೊಂದು ದಿನ ಅರಳಿ ಮುಗಿಯುತ್ತೆ, ಕೊಯ್ಲೂ ಹಾಗೇ ಚದುರಿಹೋಗುತ್ತೆ. ಎಲ್ಲಾ ಮೊಗ್ಗು ಒಟ್ಟಿಗೆ ಮಲಗಿದ್ದರೆ ತಾನೇ ಎಲ್ಲವೂ ಒಟ್ಟಿಗೆ ಏಳೋದು? ಅಲಾರಾಂ ಅಂದರೆ ಒಂದು ಇಂಚು ಮಳೆ, ರೋಬಸ್ಟಾಗೆ ಇನ್ನೂ ಸ್ವಲ್ಪ ಹೆಚ್ಚು. ಇದಕ್ಕೆ ಹೂಮಳೆ ಅಂತ ಹೆಸರು. ಕಡಿಮೆ ಬಿದ್ದರೆ ಕಷ್ಟ: ಮೊಗ್ಗು ಅರ್ಧ ಎದ್ದು, ಪೂರ್ತಿ ಅರಳೋಕೆ ಆಗದೆ, ಸಣ್ಣ ನಕ್ಷತ್ರದ ಆಕಾರದಲ್ಲಿ ಗಟ್ಟಿಯಾಗಿ ನಿಂತುಬಿಡುತ್ತೆ. ಅದರಲ್ಲಿ ಕಾಯಿ ಕಟ್ಟಲ್ಲ. ಹಾಗಾಗಿ ಇಲ್ಲಿ ಮಳೆ ಬರದಿದ್ದರೆ ಚಿಂತೆ, 30 ಸೆಂಟ್ ಬಂದರೆ ಇನ್ನೂ ದೊಡ್ಡ ಚಿಂತೆ.

ಮಳೆ ಸರಿಯಾಗಿ ಬಿತ್ತು ಅಂತಿಟ್ಟುಕೊಳ್ಳಿ. ಮೊದಲ ಮೂರು ದಿನ ಏನೂ ಕಾಣಲ್ಲ. ನಾಲ್ಕು-ಐದನೇ ದಿನಕ್ಕೆ ಮೊಗ್ಗು ಉಬ್ಬಿ ಹಸಿರು ಬಿಳಿಚಿಕೊಳ್ಳುತ್ತೆ. ಏಳನೇ ದಿನ ಸಂಜೆ ಪುಟ್ಟ ಪುಟ್ಟ ಮೇಣದಬತ್ತಿ ನೆಟ್ಟ ಹಾಗೆ ನಿಂತಿರುತ್ತೆ. ಎಂಟು, ಒಂಬತ್ತು, ತಡವಾದರೆ ಹತ್ತನೇ ದಿನ ನಸುಕಿನಲ್ಲಿ ಅರಳುತ್ತೆ. ಬೆಳಕು ಹರಿಯೋಕೆ ಮುಂಚೆ ಕಿಟಕಿಯಿಂದ ಮೊದಲು ಬರೋದು ವಾಸನೆ. ಮಲ್ಲಿಗೆ ಹಾಗಿದೆ ಅಂತ ಎಲ್ಲರೂ ಬರೀತಾರೆ. ನನ್ನ ಮೂಗಿಗೆ ಮಲ್ಲಿಗೆ ಮತ್ತು ಕಿತ್ತಳೆ ಹೂವಿನ ನಡುವಿನದು ಅನಿಸುತ್ತೆ. ಕಾಫಿ ಮಲ್ಲಿಗೆಯ ಬಳಗದ್ದಲ್ಲ. ಕೇಪಳ, ಗಂಧರಾಜ ಇವುಗಳ ದಾಯಾದಿ. ಕೇಪಳದ ಗೊಂಚಲನ್ನು ಬಿಳಿ ಮಾಡಿ ಕೊಂಬೆ ಉದ್ದಕ್ಕೂ ಅಂಟಿಸಿದರೆ ಕಾಫಿ ಹೂ. ನೆಂಟಸ್ತಿಕೆ ಅಲ್ಲೇ ಕಾಣುತ್ತೆ.

ಎಂಟು ಗಂಟೆ ಹೊತ್ತಿಗೆ ಹೆಜ್ಜೇನು ಬರುತ್ತೆ. ನಾನು ಮೊದಲ ಸಲ ಕೇಳಿದಾಗ ಪಕ್ಕದ ತೋಟದಲ್ಲಿ ಯಾರೋ ಮೋಟರ್ ಹಾಕಿದ್ದಾರೆ ಅಂದುಕೊಂಡಿದ್ದೆ. ಅರೇಬಿಕಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತೆ. ರೋಬಸ್ಟಾಗೆ ಮಾತ್ರ ಬೇರೆ ಗಿಡದ ಪರಾಗವೇ ಆಗಬೇಕು, ಗಾಳಿಯೋ ಜೇನೋ ತಂದುಕೊಡಬೇಕು. ಆ ಎರಡು ದಿನ ತೋಟಕ್ಕೆ ಔಷಧಿ ಹೊಡೆಯಲ್ಲ. ಕೆಲಸದವರೂ ಒಳಗೆ ಓಡಾಡೋದು ಕಡಿಮೆ. ಹೂ ಅರಳಿದ ದಿನವೇ ಮತ್ತೆ ಮಳೆ ಬಂದರೆ ಪರಾಗ ತೊಳೆದುಹೋಗುತ್ತೆ. ಎಂಟು ದಿನ "ಮಳೆ ಬಾ" ಅಂದವರೇ ಒಂಬತ್ತನೇ ದಿನ "ಇವತ್ತೊಂದಿನ ಬೇಡಪ್ಪ" ಅಂತಾರೆ. ಮಾವನ ಕಾಲದಲ್ಲಿ ಮನೆ ಹಿಂದೆ ಜೇನುಪೆಟ್ಟಿಗೆಗಳಿದ್ದವಂತೆ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲು ಕುಟುಂಬಗಳು ನಾಶವಾದವು. ನಮ್ಮ ಪೆಟ್ಟಿಗೆಗಳೂ ಆಗಲೇ ಖಾಲಿಯಾದದ್ದು. ಈಗ ಅವುಗಳಲ್ಲಿ ಅತ್ತೆ ಜರೀಗಿಡ ಬೆಳೆಸಿದ್ದಾರೆ.

ಕಾಫಿ ಒಂದೇ ಅಲ್ಲ. ಅದೇ ಹೊತ್ತಿಗೆ ಹಾಲುವಾಣದ ಮರ ಎಲೆಯೆಲ್ಲ ಉದುರಿಸಿ ಬರೀ ಕೆಂಪು ಹೂ ಹೊತ್ತು ನಿಲ್ಲುತ್ತೆ. ಗೊರವಂಕ, ಗಿಳಿ, ಸೂರಕ್ಕಿ ಎಲ್ಲಾ ಅಲ್ಲೇ ಸಂತೆ. ಬೂರುಗದ ಹೂ ದಪ್ಪಗೆ ರಸ್ತೆ ಮೇಲೆ ಬಿದ್ದು ಟೈರಿಗೆ ಅಂಟುತ್ತೆ. ಬಾವಿ ಪಕ್ಕದ ಎರಡು ಕಿತ್ತಳೆ ಗಿಡಗಳೂ ಹೂ ಬಿಡುತ್ತವೆ. ಕೊಡಗಿನ ಕಿತ್ತಳೆಗೆ ಜಿಐ ಮಾನ್ಯತೆ ಇದೆ, ಆದರೆ ತೋಟಗಳಲ್ಲಿ ಗಿಡ ಕಮ್ಮಿಯಾಗುತ್ತಾ ಬಂದು ಈಗ ನಮ್ಮಲ್ಲಿ ಉಳಿದಿರೋದು ಈ ಎರಡೇ. ಆರ್ಕಿಡ್ ನೋಡಬೇಕು ಅನ್ನೋರು ಸ್ವಲ್ಪ ಕಾಯಬೇಕು. ಸೀತಾಳೆ ದಂಡೆ ಮರದ ಮೇಲೆ ಜಡೆ ಇಳಿಬಿಡೋದು ಮಳೆಗಾಲದ ಹೊಸ್ತಿಲಲ್ಲಿ. ಈಗ ಬರೀ ಬೇರು, ಎಲೆ.

ಮದುವೆಯಾದ ಮೊದಲ ವರ್ಷಗಳಲ್ಲಿ ಎಲ್ಲರಿಗೂ ವರ್ಕ್ ಫ್ರಮ್ ಹೋಮ್ ಇತ್ತಲ್ಲ, ನಾವಿಬ್ಬರೂ ಲ್ಯಾಪ್‌ಟಾಪ್ ಹೊತ್ತುಕೊಂಡು ಮಾದಾಪುರದಲ್ಲೇ ಇದ್ದೆವು. 2021ರ ಜನವರಿಯಲ್ಲಿ ಕೊಡಗಿಗೆ ಅಕಾಲದ ಮಳೆ ಬಂತು. ಕೊಯ್ಲು ಮುಗಿದಿರಲಿಲ್ಲ. ಕಣದಲ್ಲಿ ಹರವಿದ್ದ ಕಾಫಿ ನೆನೆಯಿತು, ಗಿಡದಲ್ಲಿದ್ದ ಹಣ್ಣು ಉದುರಿತು. ಕೆಲವು ದಿನ ಕಳೆದ ಮೇಲೆ ಒಂದೇ ರೆಕ್ಕೆಯಲ್ಲಿ ಕೆಂಪು ಹಣ್ಣು, ಪಕ್ಕದಲ್ಲಿ ಬಿಳಿ ಹೂ. ನನ್ನ ಫೋನಿನಲ್ಲಿರುವ ಅತ್ಯಂತ ಚೆಂದದ ಕಾಫಿ ಚಿತ್ರ ಆ ವಾರದ್ದೇ. ಮಾವ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ಚೆಂದ ಬಂದಿದೆ. ಎರಡು ವರ್ಷದ ನಷ್ಟ ಒಂದೇ ಫೋಟೋದಲ್ಲಿ." ಹಣ್ಣು ಕೊಯ್ಯಲು ಕೈ ಹಾಕಿದರೆ ಹೂ ಉದುರುತ್ತೆ, ಅದು ಬರೋ ವರ್ಷದ ಬೆಳೆ. ಬಿಟ್ಟರೆ ಹಣ್ಣು ಉದುರುತ್ತೆ, ಅದು ಈ ವರ್ಷದ್ದು. ಆ ವಾರ ನಮ್ಮ ಮನೆಯಲ್ಲಿ ಹೂವಿನ ಬಗ್ಗೆ ಯಾರೂ ಜಾಸ್ತಿ ಮಾತಾಡಲಿಲ್ಲ.

ಇದರಿಂದಲೇ ಬಂದ ಒಂದು ನಿಯಮ ಇದೆ ಮನೆಯಲ್ಲಿ: ಕಾಫಿ ಹೂ ಕೀಳಬಾರದು. ದೇವರಿಗಿಲ್ಲ, ಮುಡಿಗಿಲ್ಲ, ಮೇಜಿನ ಮೇಲಿಡೋಕೂ ಇಲ್ಲ. ಹೂ ಅಂದರೆ ಒಂದು ಕಾಯಿ, ಕಾಯಿಯಲ್ಲಿ ಎರಡು ಬೀಜ, ಅರೇಬಿಕಾ ಆದರೆ ಒಂಬತ್ತು ತಿಂಗಳು, ರೋಬಸ್ಟಾ ಆದರೆ ಹತ್ತು-ಹನ್ನೊಂದು ತಿಂಗಳು ಕಾದರೆ ದುಡ್ಡು. ಆದರೂ ಪ್ರತಿವರ್ಷ ಹೂವಿನ ಹೊತ್ತಿಗೆ ನಮ್ಮ ಜಗಲಿ ಮೇಲೆ ಒಂದು ಹಿತ್ತಾಳೆ ತಂಬಿಗೆ, ಅದರಲ್ಲಿ ಒಂದು ಕಾಫಿ ರೆಕ್ಕೆ ಇರುತ್ತೆ. ಅದು ಆನೆ ಮುರಿದದ್ದು. ಇಲ್ಲದಿದ್ದರೆ ಒಣಗಿದ ಸಿಲ್ವರ್ ಓಕ್ ಕೊಂಬೆ ಬಿದ್ದು ಮುರಿದದ್ದು. ತೋಟಕ್ಕೆ ಆನೆ ಬಂದು ಹೋದರೆ ಅತ್ತೆ ಬೆಳಿಗ್ಗೆ ಹೋಗಿ ಅದರ ದಾರಿಯುದ್ದಕ್ಕೂ ನೋಡುತ್ತಾರೆ, ಯಾವ ಗಿಡ ಹೋಯ್ತು, ಯಾವುದು ಉಳಿಯುತ್ತೆ ಅಂತ. ವಾಪಸ್ ಬರುವಾಗ ಕೈಯಲ್ಲಿ ಮೊಗ್ಗಿರುವ ಒಂದೆರಡು ಮುರಿದ ರೆಕ್ಕೆ. ತಂಬಿಗೆಯಲ್ಲಿ ನೀರು ಹಾಕಿಟ್ಟರೆ ಮೊಗ್ಗು ಚೆನ್ನಾಗಿ ಬಲಿತಿದ್ದರೆ ಮನೆಯೊಳಗೂ ಅರಳುತ್ತೆ. ಒಂದು ರೆಕ್ಕೆ ಸಾಕು, ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೂ ಆ ವಾಸನೆ ಗೆಲ್ಲುತ್ತೆ.

ಅತ್ತೆಯ ಒಳಗಿನ ತೋಟ ಬೇರೆಯೇ ಲೋಕ. ಕೊಡಗಿನಲ್ಲಿ ಜಗಲಿ ತುಂಬಾ ಗಿಡ ಇಲ್ಲದ ಮನೆ ಹುಡುಕೋದು ಕಷ್ಟ. ಪೇಂಟ್ ಡಬ್ಬಿ, ಒಡೆದ ಬಕೆಟ್, ಹಳೇ ಕುಕ್ಕರ್, ಯಾವುದೂ ವ್ಯರ್ಥ ಇಲ್ಲ. ಜರೇನಿಯಂ, ಬೆಗೋನಿಯಾ, ಆಂಥೂರಿಯಂ, ಕಿಟಕಿ ಹತ್ತಿರ ಆಫ್ರಿಕನ್ ವಯಲೆಟ್, ತೆಂಗಿನ ಸಿಪ್ಪೆಯಲ್ಲಿ ಡೆಂಡ್ರೋಬಿಯಂ. ಹೊರಗೆ ತೋಟ ಮಳೆಗೆ ಕಾಯುವಾಗ ಇವುಗಳಿಗೆ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಸಿಗುತ್ತೆ. ಮಡಿಕೇರಿ ರಾಜಾಸೀಟಿನ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಅತ್ತೆ ಗುಲಾಬಿಯ ದೊಡ್ಡ ದೊಡ್ಡ ಆಕೃತಿಗಳನ್ನ ಒಂದು ನಿಮಿಷ ನೋಡಿ, ನರ್ಸರಿ ಮಳಿಗೆಯಲ್ಲಿ ಒಂದು ಗಂಟೆ ನಿಲ್ಲುತ್ತಾರೆ. ದುಡ್ಡು ಕೊಟ್ಟು ತಂದದ್ದು ಕಮ್ಮಿ. ಹೆಚ್ಚಿನವು ಕಡ್ಡಿ ಕೊಟ್ಟು ಕಡ್ಡಿ ತಂದವು. ಪ್ರತಿ ಗಿಡಕ್ಕೂ ಕೊಟ್ಟವರ ಮನೆಯ ಹೆಸರೇ ಹೆಸರು.

ಆ ಹೆಸರುಗಳಲ್ಲಿ ಕೆಲವು ಮನೆಗಳು ಈಗ ಇಲ್ಲ.

2018ರ ಆಗಸ್ಟ್ ನೆನಪಿರಬಹುದು ನಿಮಗೆ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಈ ಹೆಸರುಗಳು ಟಿವಿಯಲ್ಲಿ ದಿನವಿಡೀ ಬರುತ್ತಿದ್ದವು. ಗುಡ್ಡಗಳು ತೋಟ, ಮನೆ, ರಸ್ತೆ ಸಮೇತ ಕೆಳಗಿಳಿದವು. ಮಡಿಕೇರಿಯಿಂದ ಹಟ್ಟಿಹೊಳೆ ಮೇಲೆ ಮಾದಾಪುರಕ್ಕೆ ಬರುವ ರಸ್ತೆಯೂ ಹಲವು ಕಡೆ ಹೋಯ್ತು. ನಾನಾಗ ಈ ಮನೆಗೆ ಬಂದಿರಲಿಲ್ಲ. ಬೆಂಗಳೂರಿನಲ್ಲಿ ಕೂತು ಸ್ಟೇಟಸ್‌ಗಳಲ್ಲಿ ನೋಡಿದವಳು. ಅತ್ತೆ ಹೇಳಿದ್ದು ಇಷ್ಟು: ರಾತ್ರಿ ಗುಡ್ಡದ ಸದ್ದು ಕೇಳಿ ಉಟ್ಟ ಬಟ್ಟೆಯಲ್ಲಿ ಹೊರಟರು. ಪರಿಹಾರ ಕೇಂದ್ರದಲ್ಲಿ ಕೆಲವು ದಿನ, ನೆಂಟರ ಮನೆಯಲ್ಲಿ ಕೆಲವು ದಿನ. ಮೂರು ವಾರದ ಮೇಲೆ ವಾಪಸ್ ಬಂದಾಗ ಮನೆ ನಿಂತಿತ್ತು. ತೋಟದ ಮೇಲಿನ ಅರ್ಧ ಎಕರೆ ಇರಲಿಲ್ಲ. ಜಗಲಿ ಮೇಲೆ ಬೆಗೋನಿಯಾ ಹೂ ಬಿಟ್ಟಿತ್ತು. "ನಂಗೆ ಸಿಟ್ಟೇ ಬಂತು ಮಗಳೇ, ಇದಕ್ಕೇನೂ ಗೊತ್ತೇ ಆಗ್ಲಿಲ್ವಲ್ಲ ಅಂತ" ಅಂದರು. ಆಮೇಲೆ ಅದರ ಕಡ್ಡಿಗಳನ್ನ ಮುರಿದು ಪ್ಯಾಕೆಟ್‌ಗೆ ಹಾಕಿ, ಮನೆ ಕಳೆದುಕೊಂಡು ಹೊಸ ಜಾಗಕ್ಕೆ ಹೋದವರಿಗೆ ಒಂದೊಂದಾಗಿ ಕೊಟ್ಟರಂತೆ. ಅವರಲ್ಲಿ ಕೆಲವರು ಹಿಂದೆ ಅತ್ತೆಗೇ ಆ ಕಡ್ಡಿ ಕೊಟ್ಟವರು. ಸುತ್ತಿ ಅವರ ಗಿಡ ಅವರಿಗೇ ಹೋಯ್ತು.

ಜಾರಿದ ಜಾಗ ಈಗ ಪೂರ್ತಿ ಹಸಿರು. ಹೊಸಬರಿಗೆ ತೋರಿಸಿದರೂ ಗೊತ್ತಾಗಲ್ಲ. ಹೂವಿನ ದಿನ ಮಾತ್ರ ಗೊತ್ತಾಗುತ್ತೆ. ಸುತ್ತಲೂ ಬಿಳಿ, ನಡುವೆ ಮೇಲಿಂದ ಕೆಳಗೆ ಒಂದು ಹಸಿರು ಪಟ್ಟಿ, ಅಲ್ಲಿ ಕಾಫಿ ಇಲ್ಲ. ಎಲ್ಲರೂ ಚೆಂದ ಅಂತ ನೋಡುವ ಆ ಎರಡು ದಿನಗಳಲ್ಲೇ ಗಾಯ ಎದ್ದು ಕಾಣೋದು.

ಈ ಪಟ್ಟಿಯೇ ಈಗ ಮನೆಯಲ್ಲಿ ನಡೆಯುತ್ತಿರುವ ಚರ್ಚೆಯ ಮೂಲ. ಇತ್ತೀಚೆಗೆ ಅನುಕೂಲ ಇದ್ದವರೆಲ್ಲ ಹೂಮಳೆಗೆ ಕಾಯಲ್ಲ, ಸ್ಪ್ರಿಂಕ್ಲರ್ ಹಾಕುತ್ತಾರೆ. ಕೆರೆಯಿಂದಲೋ ಹೊಳೆಯಿಂದಲೋ ಪಂಪ್ ಮಾಡಿ, ಗಿಡದ ನೆತ್ತಿ ಮೇಲಿಂದ ಒಂದೂವರೆ ಇಂಚಿನಷ್ಟು ನೀರು ಚಿಮ್ಮಿಸಿದರೆ ರೋಬಸ್ಟಾ ಅದನ್ನ ಮಳೆ ಅಂತಲೇ ತಿಳಿದು ಎದ್ದುಬಿಡುತ್ತೆ. ಪಕ್ಕದ ತೋಟ ಫೆಬ್ರವರಿಯಲ್ಲೇ ಬೆಳ್ಳಗಾಗುತ್ತೆ, ನಮ್ಮದು ಹಸಿರಾಗಿ ಬಾಯಿ ಬಿಟ್ಟುಕೊಂಡು ನಿಂತಿರುತ್ತೆ. ನಡುವೆ ಒಂದು ಬೇಲಿ. ಒಂದು ಕಡೆ ವಸಂತ ಡೀಸೆಲ್ ಕುಡಿದು ಬಂದಿದೆ, ಇನ್ನೊಂದು ಕಡೆ ಇನ್ನೂ ಬಂದಿಲ್ಲ.

ಹೂವಾದ ಮೇಲೂ ಮುಗಿಯಲ್ಲ. 15ರಿಂದ 20 ದಿನದೊಳಗೆ ಇನ್ನೊಂದು ಮಳೆ ಬೇಕು. ಎಸ್ಟೇಟ್ ಭಾಷೆಯಲ್ಲಿ ಬ್ಯಾಕಿಂಗ್. ಅದು ಬರದಿದ್ದರೆ ಕಟ್ಟಿದ ಕಾಯಿ ಬಿಸಿಲಿಗೆ ಉದುರುತ್ತೆ. ಸ್ಪ್ರಿಂಕ್ಲರ್ ಇರುವವರು ಇದನ್ನೂ ಕೊಡಬಲ್ಲರು. 2024ರಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ನನ್ನ ಗಂಡ ಒಂದು ಎಕ್ಸೆಲ್ ಶೀಟ್ ಮಾಡಿದ. (ಇಬ್ಬರು ಸಾಫ್ಟ್‌ವೇರಿನವರ ಮನೆಯಲ್ಲಿ ಜಗಳವೂ ಎಕ್ಸೆಲ್‌ನಲ್ಲೇ.) ಕೆರೆ ತೋಡಿಸೋಕೆ ಇಷ್ಟು, ಪೈಪಿಗೆ ಇಷ್ಟು, ಪಂಪಿಗೆ ಇಷ್ಟು, ಹೂ ಪ್ರತಿವರ್ಷ ಗ್ಯಾರಂಟಿ ಅಂತಾದರೆ ಇಷ್ಟು ವರ್ಷದಲ್ಲಿ ವಾಪಸ್. ಲೆಕ್ಕದಲ್ಲಿ ತಪ್ಪಿಲ್ಲ, ನಾನೂ ಪರೀಕ್ಷೆ ಮಾಡಿದೆ. ಆದರೆ ನಮ್ಮ ಜಾಗದಲ್ಲಿ ಕೆರೆಗೆ ಅನುಕೂಲವಾದ ಒಂದೇ ತಟ್ಟು ಇರೋದು ಆ ಹಸಿರು ಪಟ್ಟಿಯ ಪಕ್ಕ, ಮನೆಯ ಮೇಲ್ಗಡೆ. ಮಾವ ಶೀಟನ್ನ ಕೊನೆ ಸಾಲಿನವರೆಗೆ ನೋಡಿದರು.

"ಗುಡ್ಡದ ನೆತ್ತಿ ಮೇಲೆ ನೀರು ನಿಲ್ಲಿಸಿ, ಅದರ ಕೆಳಗೆ ಮಲಗೋದಾ? ಅದಕ್ಕೆ ಯಾವ ಕಾಲಂ ಇದೆ ಇದರಲ್ಲಿ?"

ನನ್ನ ಗಂಡ ಹೇಳೋದರಲ್ಲೂ ಅರ್ಥ ಇದೆ. ನಾಲ್ಕು ಎಕರೆಯಲ್ಲಿ ಹೂ ಕೈಕೊಟ್ಟ ವರ್ಷ ಕೆಲಸದವರ ಕೂಲಿ ಹುಟ್ಟಲ್ಲ. ಅಪ್ಪ-ಅಮ್ಮನಿಗೆ ವಯಸ್ಸಾಗ್ತಿದೆ. ತೋಟ ತನ್ನ ಖರ್ಚು ತಾನು ನೋಡಿಕೊಳ್ಳದಿದ್ದರೆ ಒಂದು ದಿನ ಯಾರಿಗೋ ಕೊಡಬೇಕಾಗುತ್ತೆ, ಕೊಂಡವರು ಕಾಫಿ ಬೆಳೆಯುತ್ತಾರೋ ರೆಸಾರ್ಟ್ ಕಟ್ಟುತ್ತಾರೋ ಗೊತ್ತಿಲ್ಲ. ಕೆಳಗಿನ ಹೊಳೆಯಿಂದ ಪೈಪ್ ಎಳೆಯೋಣ ಅಂದರೆ ನಡುವೆ ಬೇರೆಯವರ ಜಾಗ. ಇನ್ನೂ ತೀರ್ಮಾನ ಆಗಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಮಾವನ ಕಡೆ. 2018 ನೋಡಿದವರು ಬೇಡ ಅಂದ ಮೇಲೆ ನೋಡದ ನಾವು ಬೇಕು ಅನ್ನೋದು ಹೇಗೆ?

ಇನ್ನು ಬರೋರಿಗೆ. ಫೆಬ್ರವರಿ ಮಧ್ಯದಿಂದ ಏಪ್ರಿಲ್ ಶುರುವರೆಗೆ ಕಣ್ಣಿಟ್ಟಿರಿ. ಸುಂಟಿಕೊಪ್ಪ, ಮಾದಾಪುರ, ಸೋಮವಾರಪೇಟೆ ಕಡೆಯ ಯಾವುದಾದರೂ ಹೋಮ್‌ಸ್ಟೇಗೆ ಫೋನ್ ಮಾಡಿ "ರೂಮ್ ಇದೆಯಾ" ಅನ್ನೋಕೂ ಮೊದಲು "ಮಳೆ ಆಯ್ತಾ, ಎಷ್ಟು ಸೆಂಟ್" ಅಂತ ಕೇಳಿ. ಹಾಗೆ ಕೇಳಿದವರಿಗೆ ಇಲ್ಲಿ ಮರ್ಯಾದೆ ಜಾಸ್ತಿ. ಒಂದು ಇಂಚು ಆಗಿದೆ ಅಂದರೆ ಅಲ್ಲಿಂದ ಎಂಟು ದಿನ ಎಣಿಸಿ. ಶನಿವಾರ-ಭಾನುವಾರ ಬಿದ್ದರೆ ನಿಮ್ಮ ಅದೃಷ್ಟ, ಬುಧವಾರ ಬಿದ್ದರೆ ಮ್ಯಾನೇಜರ್ ಹತ್ತಿರ ಮಾತಾಡಿ. ಬೆಳಿಗ್ಗೆ ಆರೂವರೆಗೆ ತೋಟದ ಅಂಚಿನಲ್ಲಿರಿ, ಹತ್ತರ ಮೇಲೆ ಬಿಸಿಲಿಗೆ ವಾಸನೆಯ ಗಾಢತೆ ಇಳಿಯುತ್ತೆ. ಹೆಜ್ಜೇನಿರುವ ಕಡೆ ಡ್ರೋನ್ ಹಾರಿಸಬೇಡಿ, ಸೆಂಟ್ ಹಾಕಿಕೊಂಡು ಬರಬೇಡಿ. ಕಾಡಾನೆ ಓಡಾಡುವ ಜಾಗ, ಒಬ್ಬರೇ ತೋಟದೊಳಗೆ ನುಗ್ಗಬೇಡಿ, ಮನೆಯವರನ್ನು ಕರೆದುಕೊಂಡೇ ಹೋಗಿ. ರೀಲ್ಸ್‌ಗೆ ಅಂತ ರೆಕ್ಕೆ ಮುರಿದು ಕೈಯಲ್ಲಿ ಹಿಡಿಯೋದು ಯಾಕೆ ಬೇಡ ಅಂತ ಇಷ್ಟು ಓದಿದ ಮೇಲೆ ಮತ್ತೆ ಹೇಳಬೇಕಿಲ್ಲ.

ಬರೋಕೆ ಆಗದವರಿಗೆ ಇನ್ನೊಂದು ದಾರಿ ಇದೆ. ಅರೇಬಿಕಾ ಕಾಫಿ ಕುಂಡದಲ್ಲಿ ಚೆನ್ನಾಗಿ ಬರುತ್ತೆ. ನೆರಳಲ್ಲೇ ಹುಟ್ಟಿ ಬೆಳೆದ ಗಿಡ ಅದು, ಅಪಾರ್ಟ್‌ಮೆಂಟಿನ ಪೂರ್ವದ ಬಾಲ್ಕನಿ ಸಾಕು, ನಡುಮಧ್ಯಾಹ್ನದ ಬಿಸಿಲು ಬೇಡ. ಒಂದೇ ಗಿಡವಾದರೂ ಕಾಯಿ ಕಟ್ಟುತ್ತೆ, ರೋಬಸ್ಟಾ ತರ ಜೊತೆ ಬೇಕಿಲ್ಲ. ಚಂದ್ರಗಿರಿ ಅಂತ ಕಾಫಿ ಮಂಡಳಿಯ ಒಂದು ತಳಿ ಇದೆ, ಗಿಡ್ಡವಾಗಿ ಪೊದೆಯಾಗಿ ಬೆಳೆಯುತ್ತೆ, ಕುಂಡಕ್ಕೆ ಹೇಳಿಮಾಡಿಸಿದ್ದು. ಕೊಡಗಿನ ಚೆಟ್ಟಳ್ಳಿಯಲ್ಲಿ 1946ರಿಂದ ಮಂಡಳಿಯ ಸಂಶೋಧನಾ ಉಪಕೇಂದ್ರ ಇದೆ, ಆ ಕಡೆ ಹೋದಾಗ ಸುತ್ತಲಿನ ನರ್ಸರಿಗಳಲ್ಲಿ ಕೇಳಿ. ಮೂರು-ನಾಲ್ಕು ವರ್ಷ ಕಾಯಬೇಕು. ಆಮೇಲೆ ಒಂದು ಗುಟ್ಟು: ಜನವರಿ, ಫೆಬ್ರವರಿಯಲ್ಲಿ ನೀರು ಕಮ್ಮಿ ಮಾಡಿ. ಎಲೆ ಸ್ವಲ್ಪ ಬಾಡುವವರೆಗೆ ಬಿಡಿ, ಸಾಯೋಕೆ ಬಿಡಬೇಡಿ. ಮೊಗ್ಗು ಗಟ್ಟಿಯಾಗಿ ಕೂತಿದೆ ಅಂತ ಕಂಡ ಮೇಲೆ ಒಂದು ಸಂಜೆ ಕುಂಡದ ತಳದಿಂದ ನೀರು ಹರಿಯುವ ಹಾಗೆ, ಎಲೆ ಮೇಲೂ ಬೀಳುವ ಹಾಗೆ ಹುಯ್ಯಿರಿ. ದಿನಾ ಒಂದು ಲೋಟ ಹಾಕುತ್ತಾ ಬಂದರೆ ಅಲ್ಲೊಂದು ಇಲ್ಲೊಂದು ಹೂ ಬಿಟ್ಟು ಮುಗಿಯುತ್ತೆ, ಒಟ್ಟಿಗೆ ಅರಳಲ್ಲ.

ಬೆಂಗಳೂರಿನ ನಮ್ಮ ಬಾಲ್ಕನಿಯ ಗಿಡ ಕಳೆದ ಮಾರ್ಚ್‌ನಲ್ಲಿ ಮೊದಲ ಸಲ ಹೂ ಬಿಟ್ಟಿತು. ಹನ್ನೊಂದು ಹೂ. ಆ ದಿನ ಬೆಳಗಿನ ಮೀಟಿಂಗಿನಲ್ಲಿ ಎಲ್ಲರ ಮುಂದೆ ಕ್ಯಾಮೆರಾ ತಿರುಗಿಸಿ ತೋರಿಸಿದೆ. ವಿಡಿಯೋ ಕಾಲ್‌ನಲ್ಲಿ ಮಾವನಿಗೂ ತೋರಿಸಿದರೆ, "ಎಷ್ಟು ಸೆಂಟ್ ಕೊಟ್ಟೆ?" ಅಂದರು. ಎರಡು ಬಕೆಟ್ ಅಂದೆ. ಅತ್ತೆ ಹಿಂದಿನಿಂದ ಇಣುಕಿ, "ಬ್ಯಾಕಿಂಗ್ ಮರೀಬೇಡ" ಅಂದರು. ಹನ್ನೊಂದರಲ್ಲಿ ಏಳು ಕಾಯಿಯಾಯ್ತು.

ಈ ವರ್ಷ ಮಾದಾಪುರದಲ್ಲಿ ಹೂಮಳೆ ಚೆನ್ನಾಗೇ ಆಯ್ತು, ನಮ್ಮ ಅಂಗಳದ ಮಾಪಕದಲ್ಲಿ 115 ಸೆಂಟ್. ಒಂಬತ್ತನೇ ದಿನ ಅರಳಿತು, ಶನಿವಾರವೇ ಬಿದ್ದದ್ದರಿಂದ ನಾವೂ ಹೋಗಿದ್ದೆವು. ತಂಬಿಗೆಯಲ್ಲಿ ಈ ಸಲ ಎರಡು ರೆಕ್ಕೆ. ಹೂವೆಲ್ಲ ಉದುರಿ ಈಗ ಗಿಡದಲ್ಲಿ ಗುಂಡುಸೂಜಿ ತಲೆಯಷ್ಟು ಕಾಯಿ ಕೂತಿವೆ. ಬ್ಯಾಕಿಂಗ್‌ಗೆ ಇವತ್ತಿಗೆ 17ನೇ ದಿನ. ಈಗಷ್ಟೇ ಅತ್ತೆಯ ವಾಯ್ಸ್ ಮೆಸೇಜ್ ಬಂತು: ಸುಂಟಿಕೊಪ್ಪದ ಕಡೆ ಗುಡುಗಿದೆಯಂತೆ, ನಮ್ಮ ಗುಡ್ಡದ ಮೇಲೆ ಇನ್ನೂ ಬಿಸಿಲೇ ಇದೆಯಂತೆ.